ಹಕ್ಕಿಯ ಕಣ್ಣೊಳಗಿನ ಹುಳು

ಕಣ್ಣಿಗೆ ಒಂದು ಧೂಳಿನ ಕಣ ಬಿದ್ದರೆ ನಮ್ಮ ಪಾಡು ಏನಾಗುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಕಣ್ಣು ಕೆಂಪಾಗುತ್ತದೆ, ನೀರು ಸುರಿಯುತ್ತದೆ, ರೆಪ್ಪೆ ತೆರೆಯಲೊಲ್ಲದು. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಆ ಕಣವನ್ನು ಹೊರಹಾಕುವವರೆಗೆ ಬೇರಾವ ಕೆಲಸವೂ ಸಾಗುವುದಿಲ್ಲ. ನೀರು ಚಿಮುಕಿಸಿಕೊಳ್ಳುತ್ತೇವೆ; ಬಟ್ಟೆಯ ತುದಿಯನ್ನು ಮುದ್ದೆಮಾಡಿ ಬಾಯಿಯ ಬಿಸಿಯೂದಿ ಒತ್ತಿಕೊಳ್ಳುತ್ತೇವೆ; ಅದಕ್ಕೂ ಬಗ್ಗದಿದ್ದರೆ ವೈದ್ಯರ ಬಳಿಗೆ ಓಡುತ್ತೇವೆ. ಈಗ ಧೂಳಿನ ಕಣದ ಬದಲು ಸುಮಾರು ಒಂದು ಸೆಂಟಿಮೀಟರ್ ಉದ್ದದ, ಜೀವವುಳ್ಳ, ಹರಿದಾಡುವ ಹುಳುವೊಂದು ಕಣ್ಣಿನಲ್ಲಿ ಮನೆಮಾಡಿದೆಯೆಂದು ಭಾವಿಸೋಣ. ಅದೂ ಒಂದಲ್ಲ, ಕೆಲವೊಮ್ಮೆ ಹತ್ತಾರು. ತೆಗೆಯೋಣವೆಂದರೆ ಕೈಯಿಲ್ಲ, ಹೇಳಿಕೊಳ್ಳೋಣವೆಂದರೆ ವೈದ್ಯನಿಲ್ಲ.

ಇದು ಕಲ್ಪನೆಯಲ್ಲ. ಪ್ರಪಂಚದ ಅನೇಕ ಕಡೆಗಳಲ್ಲಿ ಕಾಡುಹಕ್ಕಿಗಳೂ ಸಾಕುಕೋಳಿಗಳೂ ಇಂತಹ ಹುಳುಗಳನ್ನು ಕಣ್ಣಿನಲ್ಲಿ ಹೊತ್ತು ಬದುಕುತ್ತಿವೆ. ಈ ಹುಳುಗಳು ಅಲ್ಲಿಗೆ ಹೋಗಿ ಸೇರುವುದು ಹೇಗೆ? ಸೇರಿ ಮಾಡುವುದೇನು? ಹಕ್ಕಿಗಳ ಒಂದು ಕುಲವೇ ಕ್ಷೀಣಿಸುವುದಕ್ಕೆ ಅವು ಕಾರಣವಾಗಬಲ್ಲವೆ? ಕೊನೆಯ ಪ್ರಶ್ನೆಯನ್ನು ಕುರಿತು ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ಪ್ರಾಂತದಲ್ಲಿ ಹಲವು ವರ್ಷಗಳಿಂದ ದೊಡ್ಡದೊಂದು ಶೋಧನೆಯೂ ವಾದವೂ ನಡೆದಿವೆ. ಆ ಕಥೆಯನ್ನು ಇಲ್ಲಿ ವಿಚಾರಿಸೋಣ.

ಹಕ್ಕಿಗೆ ಕಣ್ಣೇ ಬಾಳು

ಪ್ರಾಣಿಗಳಲ್ಲಿ ಕೆಲವು ಮೂಗನ್ನು ನಂಬಿ ಬಾಳುತ್ತವೆ, ಕೆಲವು ಕಿವಿಯನ್ನು. ಹಕ್ಕಿಗಳಲ್ಲಿ ಹೆಚ್ಚಿನವು ನಂಬಿರುವುದು ಕಣ್ಣನ್ನು. ತಲೆಯ ಗಾತ್ರಕ್ಕೆ ಹೋಲಿಸಿದರೆ ಹಕ್ಕಿಯ ಕಣ್ಣು ಬಹಳ ದೊಡ್ಡದು. ಹೊರಗೆ ನಮಗೆ ಕಾಣುವುದು ಅದರ ಸ್ವಲ್ಪ ಭಾಗ ಮಾತ್ರ. ಉಳಿದುದು ಬುರುಡೆಯ ಗೂಡಿನಲ್ಲಿ ಒತ್ತಾಗಿ ಕುಳಿತಿರುತ್ತದೆ. ಈ ಕಾರಣದಿಂದ ಹಕ್ಕಿಯು ಕಣ್ಣನ್ನು ನಮ್ಮಂತೆ ಅತ್ತಿತ್ತ ಹೊರಳಿಸಲಾರದು. ಅದರ ಬದಲು ಕತ್ತನ್ನೇ ತಿರುಗಿಸುತ್ತದೆ.

ಕಾಳು, ಹುಳುಗಳನ್ನು ಆಯ್ದು ತಿನ್ನುವ ಲಾವಕ್ಕಿ, ಗೌಜಲು, ಕೋಳಿ ಮುಂತಾದವುಗಳ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಎಡಗಣ್ಣು ಎಡದ ಜಗತ್ತನ್ನು ನೋಡಿದರೆ ಬಲಗಣ್ಣು ಬಲದ ಜಗತ್ತನ್ನು ನೋಡುತ್ತದೆ. ಎರಡೂ ಒಟ್ಟಿಗೆ ನೋಡುವ ಭಾಗ ಮುಂದುಗಡೆ ಕಿರಿದಾಗಿರುತ್ತದೆ. ಇದರಿಂದ ಹಕ್ಕಿಗೆ ಬಹುಮಟ್ಟಿಗೆ ಸುತ್ತಲೂ ಕಾಣುತ್ತದೆ. ಹಿಂದಿನಿಂದ ಬರುವ ಬೆಕ್ಕೂ ಮೇಲಿನಿಂದ ಎರಗುವ ಗಿಡುಗವೂ ಅದರ ನೋಟಕ್ಕೆ ಬೀಳುತ್ತವೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ನಮ್ಮ ಒಂದು ಕಣ್ಣು ಮಂಜಾದರೆ ಇನ್ನೊಂದು ಕಣ್ಣು ಹೆಚ್ಚುಕಡಮೆ ಅದೇ ದೃಶ್ಯವನ್ನು ನಮಗೆ ತೋರಿಸುತ್ತದೆ. ಲಾವಕ್ಕಿಯ ಒಂದು ಕಣ್ಣು ಮಂಜಾದರೆ ಅದರ ಜಗತ್ತಿನ ಅರ್ಧವೇ ಅಳಿಸಿಹೋಗುತ್ತದೆ.

ಇಂತಹ ಅಮೂಲ್ಯವಾದ ಕಣ್ಣಿಗೆ ಪ್ರಕೃತಿಯು ಕಾವಲನ್ನೂ ಒದಗಿಸಿದೆ. ಮೇಲಿನ ಮತ್ತು ಕೆಳಗಿನ ರೆಪ್ಪೆಗಳಲ್ಲದೆ ಹಕ್ಕಿಗೆ ಮೂರನೆಯದೊಂದು ರೆಪ್ಪೆಯಿದೆ. ತೆಳುವಾದ ಈ ಪೊರೆ ಕಣ್ಣಿನ ಒಳಮೂಲೆಯಿಂದ ಅಡ್ಡಲಾಗಿ ಸರಿದು, ಕಣ್ಣಿನ ಮೈಯನ್ನು ಒರಸಿ, ಒದ್ದೆಮಾಡಿ ಹಿಂದಕ್ಕೆ ಹೋಗುತ್ತದೆ. ಮನೆಯ ಕೋಳಿಯನ್ನು ಹತ್ತಿರದಿಂದ ಗಮನಿಸಿದವರಿಗೆ ಇದು ಹೊಸದಲ್ಲ. ಈ ರೆಪ್ಪೆಗೆ ಜಿಡ್ಡನ್ನು ಒದಗಿಸಲು ಕಣ್ಣಿನ ಗೂಡಿನೊಳಗೆ ಹಾರ್ಡರ್ ಗ್ರಂಥಿ ಎಂಬ ಒಂದು ಗ್ರಂಥಿಯಿದೆ. ರೋಗಾಣುಗಳನ್ನು ಎದುರಿಸುವ ವಸ್ತುಗಳು ತಯಾರಾಗುವುದರಲ್ಲಿಯೂ ಅದಕ್ಕೆ ಪಾತ್ರವುಂಟು. ಕಣ್ಣೀರನ್ನು ಸುರಿಸಲು ಬೇರೊಂದು ಗ್ರಂಥಿ, ಹೆಚ್ಚಾದ ನೀರನ್ನು ಹೊರಕ್ಕೆ ಸಾಗಿಸಲು ಒಂದು ನಾಳ. ಈ ನಾಳವು ಕಣ್ಣಿನ ಒಳಮೂಲೆಯಿಂದ ಹೊರಟು ಮೂಗಿನ ಕುಹರವನ್ನು ಸೇರುತ್ತದೆ. ಅಲ್ಲಿಂದ ಅಂಗುಳದ ಸೀಳಿನ ಮೂಲಕ ಬಾಯಿಗೆ ದಾರಿಯಿದೆ. ನಮ್ಮಲ್ಲಿಯೂ ಇಂತಹ ನಾಳವಿದೆ. ಕಣ್ಣಿಗೆ ಬಿಟ್ಟುಕೊಂಡ ಔಷಧಿ ಸ್ವಲ್ಪ ಹೊತ್ತಿನ ಮೇಲೆ ಗಂಟಲಿನಲ್ಲಿ ಕಹಿಯೆನಿಸುವುದು ಇದರಿಂದಲೇ. ಕಣ್ಣಿನಿಂದ ಬಾಯಿಗೆ ಹೋಗುವ ಈ ಚರಂಡಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಥೆಯ ಕಳ್ಳನು ಒಳನುಗ್ಗುವುದು ಇದೇ ಮಾರ್ಗದಿಂದ.

ಜಿರಲೆ ತೋರಿಸಿದ ದಾರಿ

ಹಕ್ಕಿಗಳ ಕಣ್ಣಿನ ಹುಳುಗಳಲ್ಲಿ ಬಹುಕಾಲದಿಂದ ಪರಿಚಿತವಾದುದು ಮ್ಯಾನ್ಸನ್‌ನ ಕಣ್ಣುಹುಳು. ಶಾಸ್ತ್ರದಲ್ಲಿ ಇದಕ್ಕೆ ಆಕ್ಸಿಸ್ಪೈರೂರ ಮ್ಯಾನ್ಸೊನಿ ಎಂದು ಹೆಸರು. ಚೀನ ದೇಶದಲ್ಲಿ ವೈದ್ಯನಾಗಿದ್ದ, ಮುಂದೆ ಆನೆಕಾಲು ರೋಗದ ಹುಳುವಿಗೂ ಸೊಳ್ಳೆಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟು ಖ್ಯಾತಿವೆತ್ತ ಪ್ಯಾಟ್ರಿಕ್ ಮ್ಯಾನ್ಸನ್‌ನ ಹೆಸರನ್ನು ೧೮೭೯ರಲ್ಲಿ ಇದಕ್ಕೆ ಇಟ್ಟರು. ದಾರದಂತೆ ತೆಳ್ಳಗೆ, ಬಿಳುಪಾಗಿ ಇರುವ ಈ ದುಂಡುಹುಳುವಿನ ಗಂಡು ೧೦ರಿಂದ ೧೬ ಮಿಲಿಮೀಟರ್, ಹೆಣ್ಣು ೧೨ರಿಂದ ೧೯ ಮಿಲಿಮೀಟರ್ ಉದ್ದ ಬೆಳೆಯುತ್ತದೆ. ಭಾರತವನ್ನೂ ಒಳಗೊಂಡು ಬಿಸಿನಾಡುಗಳಲ್ಲೆಲ್ಲ ಕೋಳಿ, ನವಿಲು ಮುಂತಾದವುಗಳ ಮೂರನೆಯ ರೆಪ್ಪೆಯ ಕೆಳಗೆ ಇದು ವಾಸಿಸುತ್ತದೆ.

ಹುಳುವನ್ನು ಕಂಡದ್ದಾಯಿತು, ಆದರೆ ಅದು ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಹರಡುವುದು ಹೇಗೆಂಬುದು ಬಹುಕಾಲ ತಿಳಿಯಲಿಲ್ಲ. ಕಣ್ಣಿನಿಂದ ಕಣ್ಣಿಗೆ ನೇರವಾಗಿ ದಾಟುವುದೆ? ಧೂಳಿನೊಂದಿಗೆ ಹಾರಿಬಂದು ಬೀಳುವುದೆ? ೧೯೨೦ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಫೀಲ್ಡಿಂಗ್ ಎಂಬಾತನೂ ಅಮೆರಿಕದ ಫ್ಲಾರಿಡ ಪ್ರಾಂತದಲ್ಲಿ ಸ್ಯಾಂಡರ್ಸ್ ಎಂಬಾತನೂ ಈ ಒಗಟನ್ನು ಬಿಡಿಸಿದರು. ಉತ್ತರ ಯಾರೂ ಎಣಿಸಿರದ ಕಡೆಯಲ್ಲಿತ್ತು. ಅದು ಕಸದಲ್ಲಿಯೂ ಮಣ್ಣಿನಲ್ಲಿಯೂ ಬಿಲಮಾಡಿಕೊಂಡು ಬಾಳುವ ಒಂದು ಬಗೆಯ ಜಿರಲೆಯೊಳಗಿತ್ತು.

ಹೆಣ್ಣುಹುಳು ಕಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಕಣ್ಣೀರಿನೊಡನೆ ನಾಳದಲ್ಲಿ ಇಳಿದು ಬಾಯಿಗೆ ಬರುತ್ತವೆ. ಹಕ್ಕಿ ಅವನ್ನು ನುಂಗುತ್ತದೆ. ಅವು ಕರುಳನ್ನು ದಾಟಿ ಹಿಕ್ಕೆಯೊಡನೆ ನೆಲಕ್ಕೆ ಬೀಳುತ್ತವೆ. ಹಿಕ್ಕೆಯನ್ನು ತಿಂದ ಜಿರಲೆಯ ಹೊಟ್ಟೆಯಲ್ಲಿ ಮೊಟ್ಟೆಯೊಡೆದು ಮರಿಹುಳು ಹೊರಬರುತ್ತದೆ. ಅದು ಜಿರಲೆಯ ಮೈಯಲ್ಲಿಯೇ ಸುಮಾರು ಐವತ್ತು ದಿನ ಬೆಳೆದು, ಎರಡು ಸಲ ಪೊರೆ ಕಳಚಿ, ಮೂರನೆಯ ಹಂತವನ್ನು ಮುಟ್ಟಿ ಕಾದು ಕುಳಿತಿರುತ್ತದೆ. ಕೋಳಿಯು ಆ ಜಿರಲೆಯನ್ನು ಹೆಕ್ಕಿ ನುಂಗಿದ ಕೂಡಲೆ ಮರಿಹುಳು ಗಂಟಲ ಚೀಲದಲ್ಲಿ ಬಿಡುಗಡೆ ಹೊಂದುತ್ತದೆ. ಉಳಿದ ಆಹಾರವೆಲ್ಲ ಕೆಳಕ್ಕೆ ಇಳಿಯುತ್ತಿರುವಾಗ ಇದು ಮಾತ್ರ ಎದುರುಮುಖವಾಗಿ ಮೇಲಕ್ಕೇರುತ್ತದೆ. ಅನ್ನನಾಳ, ಬಾಯಿ, ಅಂಗುಳದ ಸೀಳು, ಕಣ್ಣೀರಿನ ನಾಳ, ಕೊನೆಗೆ ಕಣ್ಣು. ಈ ಪ್ರಯಾಣಕ್ಕೆ ದಿನಗಳೇನೂ ಬೇಡ. ನಿಮಿಷಗಳಲ್ಲಿಯೇ ಅದು ಮುಗಿಯುತ್ತದೆ. ಚರಂಡಿಯ ಮೂಲಕ ಮನೆಹೊಕ್ಕ ಕಳ್ಳನೆಂದು ಇದನ್ನು ಕರೆದರೆ ತಪ್ಪಾಗಲಾರದು.

ನೀರಿನಿಂದ ಬರುವ ಇನ್ನೊಂದು ಹುಳು

ಇದೇ ಚರಂಡಿಯನ್ನು ಕಂಡುಕೊಂಡ ಇನ್ನೊಂದು ಜೀವಿಯೂ ಇದೆ. ಇದು ದುಂಡುಹುಳುವಲ್ಲ, ಎಲೆಯಾಕಾರದ ಚಪ್ಪಟೆಹುಳು. ಇದರ ಕುಲದ ಹೆಸರು ಫಿಲಾಫ್ಥಾಲ್ಮಸ್. ಗ್ರೀಕ್ ಭಾಷೆಯಲ್ಲಿ ‘ಕಣ್ಣನ್ನು ಪ್ರೀತಿಸುವುದು’ ಎಂದು ಇದರ ಅರ್ಥ! ಇದರ ಒಂದು ಜಾತಿಯನ್ನು ೧೯೧೦ರಲ್ಲಿ ವಿಯಟ್ನಾಮಿನ ಹನಾಯ್ ನಗರದ ಕೋಳಿಗಳಲ್ಲಿ ಗುರುತಿಸಿ ವರ್ಣಿಸಿದರು. ನೀರಿನ ಬಳಿ ಬಾಳುವ ಹಕ್ಕಿಗಳು ಕೊಕ್ಕನ್ನೂ ಮುಖವನ್ನೂ ನೀರಿನಲ್ಲಿ ಅದ್ದಿದಾಗ ಇದರ ಮೊಟ್ಟೆಗಳು ನೀರಿಗೆ ಸೇರುತ್ತವೆ. ಮರಿಯು ಒಡನೆಯೇ ಹೊರಬಂದು ಬಸವನಹುಳುವೊಂದನ್ನು ಹುಡುಕಿ ಅದರೊಳಗೆ ಹೊಕ್ಕು ಬೆಳೆಯುತ್ತದೆ. ಮುಂದಿನ ಹಂತದ ಮರಿಗಳು ಬಸವನಹುಳುವಿನಿಂದ ಹೊರಟು, ನೀರಿನ ಗಿಡಗಳ ಮೇಲೆ ಕೋಶ ಕಟ್ಟಿಕೊಂಡು ಕುಳಿತಿರುತ್ತವೆ. ಹಕ್ಕಿಯು ಅವುಗಳನ್ನು ಬಾಯಿಗೆ ಹಾಕಿಕೊಂಡಾಗ ಬಾಯಿಯ ಬಿಸಿಗೆ ಕೋಶವೊಡೆದು, ಮರಿಗಳು ಅದೇ ನಾಳದ ಮೂಲಕ ಕಣ್ಣಿಗೆ ಏರುತ್ತವೆ. ಇದಕ್ಕೆ ಆಶ್ರಯಕೊಡುವ ಬಸವನಹುಳುಗಳಲ್ಲಿ ಒಂದು, ಗೋಪುರದಂತೆ ಚೂಪಾದ ಚಿಪ್ಪಿನ ಮೆಲನಾಯ್ಡಿಸ್. ನಮ್ಮ ನಾಡಿನ ಕೆರೆಕಾಲುವೆಗಳಲ್ಲಿಯೂ ಇದು ಉಂಟು.

ಒಂದು ಜಿರಲೆಯ ಮೂಲಕ, ಇನ್ನೊಂದು ನೀರಿನ ಮೂಲಕ. ಒಂದು ದುಂಡು, ಇನ್ನೊಂದು ಚಪ್ಪಟೆ. ಪರಸ್ಪರ ಬಂಧುತ್ವವಿಲ್ಲದ ಎರಡು ಜೀವಿಗಳು ಒಂದೇ ಬಾಗಿಲನ್ನು ಬೇರೆಬೇರೆಯಾಗಿ ಕಂಡುಕೊಂಡಿರುವುದು ವಿಸ್ಮಯದ ವಿಷಯವಲ್ಲವೆ?

ಬಾಬ್‌ವೈಟ್ ಮತ್ತು ಮಿಡತೆ

ಈಗ ಟೆಕ್ಸಾಸಿಗೆ ಹೋಗೋಣ. ಬಾಬ್‌ವೈಟ್ ಎಂಬುದು ನಮ್ಮ ಲಾವಕ್ಕಿಯನ್ನು ಹೋಲುವ, ಅದಕ್ಕಿಂತ ಸ್ವಲ್ಪ ದೊಡ್ಡದಾದ ಅಮೆರಿಕದ ಹಕ್ಕಿ. ವಸಂತದಲ್ಲಿ ಗಂಡು ‘ಬಾಬ್-ವೈಟ್’ ಎಂದು ಕೂಗುವುದರಿಂದ ಈ ಹೆಸರು. ಹುಲ್ಲು ಮತ್ತು ಕುರುಚಲು ಬೆಳೆದ ಬಯಲುಗಳಲ್ಲಿ, ಹತ್ತು ಹನ್ನೆರಡು ಹಕ್ಕಿಗಳ ಗುಂಪಾಗಿ ಇದು ಬಾಳುತ್ತದೆ. ರಾತ್ರಿ ಮಲಗುವಾಗ ಇವು ಬಾಲಗಳನ್ನು ಒಳಕ್ಕೂ ತಲೆಗಳನ್ನು ಹೊರಕ್ಕೂ ಮಾಡಿ ಚಕ್ರದಂತೆ ಒತ್ತಾಗಿ ಕೂರುತ್ತವೆ. ಪ್ರತಿಯೊಂದು ಹಕ್ಕಿಯೂ ಒಂದೊಂದು ದಿಕ್ಕಿಗೆ ಕಾವಲು. ಅಪಾಯ ಕಂಡೊಡನೆ ಎಲ್ಲವೂ ಒಮ್ಮೆಲೇ ಸಿಡಿದಂತೆ ಹಾರಿಹೋಗುತ್ತವೆ.

ಇದರ ಕಣ್ಣಿನಲ್ಲಿ ವಾಸಿಸುವುದು ಮ್ಯಾನ್ಸನ್ ಹುಳುವಿನ ದಾಯಾದಿ, ಆಕ್ಸಿಸ್ಪೈರೂರ ಪೆಟ್ರೋವಿ. ರಷ್ಯದ ವಿಜ್ಞಾನಿ ಸ್ಕ್ರಿಯಾಬಿನ್ ೧೯೨೯ರಲ್ಲಿ ಇದನ್ನು ಮೊದಲು ವರ್ಣಿಸಿದನು. ಇದು ಮೂರನೆಯ ರೆಪ್ಪೆಯ ಕೆಳಗೆ ಮಾತ್ರವಲ್ಲದೆ ಕಣ್ಣೀರಿನ ನಾಳದಲ್ಲಿಯೂ ಹಾರ್ಡರ್ ಗ್ರಂಥಿಯ ಒಳಗೂ ಸೇರಿಕೊಳ್ಳುತ್ತದೆ. ಆದುದರಿಂದ ಹೊರಗಿನಿಂದ ನೋಡಿದವರಿಗೆ ಹಲವು ವೇಳೆ ಒಂದು ಹುಳುವೂ ಕಾಣದು. ಗೂಡನ್ನು ಬಿಡಿಸಿ ನೋಡಿದರೆ ಹತ್ತಾರು ಸಿಕ್ಕುತ್ತವೆ. ಇಲ್ಲಿ ಜಿರಲೆಯ ಪಾತ್ರವನ್ನು ವಹಿಸುವವು ಮಿಡತೆ ಮತ್ತು ಚಿಮ್ಮಂಡೆಗಳು. ಪ್ರಯೋಗಶಾಲೆಯಲ್ಲಿ ಚಿಮ್ಮಂಡೆಗಳಿಗೆ ಹುಳುವಿನ ಮೊಟ್ಟೆಗಳನ್ನು ತಿನ್ನಿಸಿ, ಅವುಗಳೊಳಗೆ ಬೆಳೆದ ಮರಿಹುಳುಗಳಿಂದ ಬಾಬ್‌ವೈಟ್ ಹಕ್ಕಿಗೆ ಸೋಂಕನ್ನು ಹತ್ತಿಸಿ, ಈ ಚಕ್ರವನ್ನು ಪೂರ್ತಿಯಾಗಿ ತೋರಿಸಿದ್ದಾರೆ. ಬಯಲಿನಲ್ಲಿ ದೊರೆತ ದೊಡ್ಡ ಜಾತಿಯ ಒಂದು ಮಿಡತೆಯಲ್ಲಿ ಈ ಹುಳುವಿನ ಕುರುಹು ಇರುವುದನ್ನು ೨೦೧೬ರಲ್ಲಿ ವರದಿಮಾಡಿದರು.

ಇಲ್ಲಿ ಒಂದು ಕ್ರೂರವಾದ ಸಂಗತಿಯನ್ನು ಗಮನಿಸಬೇಕು. ಬಾಬ್‌ವೈಟ್ ಮರಿಗಳು ಹುಟ್ಟಿದ ಮೊದಲ ಕೆಲವು ವಾರ ಹೆಚ್ಚಾಗಿ ತಿನ್ನುವುದು ಹುಳುಹುಪ್ಪಟೆಗಳನ್ನೇ. ಮೈಬೆಳೆಯಲು ಬೇಕಾದ ಪ್ರೋಟೀನು ಅದರಲ್ಲಿದೆ. ಮೊಟ್ಟೆಯಿಡುವ ಕಾಲದ ತಾಯಿಗೂ ಅದೇ ಬೇಕು. ಮಳೆ ಚೆನ್ನಾಗಿ ಆದ ವರ್ಷ ಹುಲ್ಲು ಹೆಚ್ಚು, ಹುಲ್ಲಿನೊಡನೆ ಮಿಡತೆ ಹೆಚ್ಚು, ಮಿಡತೆಯೊಡನೆ ಹಕ್ಕಿ ಹೆಚ್ಚು. ಆದರೆ ಅದೇ ಮಿಡತೆಯ ಹೊಟ್ಟೆಯಲ್ಲಿಯೇ ಹುಳುವೂ ಬರುವುದಾದರೆ? ಬೆಳೆಸುವ ತುತ್ತೇ ಕುರುಡುಮಾಡುವ ತುತ್ತೂ ಆಗುತ್ತದೆ.

ಬೆಳಕಿನ ಹಾದಿಗೆ ಅಡ್ಡಿ

ಹುಳುವಿನಿಂದ ದೃಷ್ಟಿಗೆ ಆಗುವ ಕೇಡೇನು? ಇದನ್ನು ಅರಿಯಲು ಸ್ವಲ್ಪ ಭೌತಶಾಸ್ತ್ರ ಬೇಕು.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿದ, ಪಾರದರ್ಶಕವಾದ ಪಟಲವೊಂದಿದೆ, ಇದೇ ಕಾರ್ನಿಯ. ಬೆಳಕನ್ನು ಬಾಗಿಸಿ ಬಿಂಬ ಮೂಡಿಸುವ ಕೆಲಸವೆಲ್ಲ ಒಳಗಿರುವ ಮಸೂರದ್ದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಮನುಷ್ಯನ ಕಣ್ಣಿನಲ್ಲಿ ಈ ಕೆಲಸದ ಸುಮಾರು ಮೂರರಲ್ಲಿ ಎರಡು ಪಾಲು ಕಾರ್ನಿಯದ್ದು. ಗಾಳಿಯ ವಕ್ರೀಭವನಾಂಕ ಸುಮಾರು ೧, ಕಾರ್ನಿಯದ್ದು ೧.೩೭೬. ಈ ದೊಡ್ಡ ಅಂತರದಿಂದ ಕಿರಣಗಳು ಅಲ್ಲಿಯೇ ಬಲವಾಗಿ ಬಾಗುತ್ತವೆ. ಬಾವಿಯಲ್ಲಿ ಮುಳುಗಿ ಕಣ್ಣು ತೆರೆದವರಿಗೆ ಇದರ ಅನುಭವವಿದೆ. ನೀರಿನ ವಕ್ರೀಭವನಾಂಕ ೧.೩೩, ಕಾರ್ನಿಯಕ್ಕೆ ಬಹಳ ಹತ್ತಿರ. ಆದುದರಿಂದ ನೀರಿನೊಳಗೆ ಕಾರ್ನಿಯ ಬೆಳಕನ್ನು ಬಹುಮಟ್ಟಿಗೆ ಬಾಗಿಸಲಾರದು. ಎಲ್ಲವೂ ಕಲಸಿದಂತೆ ಕಾಣುತ್ತದೆ. ನೆಲದ ಮೇಲೆ ಬಾಳುವ ಹಕ್ಕಿಯ ಕಣ್ಣಿನಲ್ಲಿಯೂ ಕಾರ್ನಿಯದ ಪಾತ್ರ ಹಿರಿದು. ಅದರ ಮೇಲ್ಮೈ ನುಣುಪಾಗಿರಬೇಕು, ಅದನ್ನು ಹೊದ್ದಿರುವ ಕಣ್ಣೀರಿನ ಪದರ ಸಮನಾಗಿರಬೇಕು. ಗ್ರಂಥಿ ಕೆಟ್ಟು ಕಣ್ಣೀರು ಸರಿಯಾಗಿ ಹರಡದಿದ್ದರೆ ಬಿಂಬವೇ ಕೆಡುತ್ತದೆ.

ಇನ್ನೊಂದು ಪ್ರಶ್ನೆ: ಕಾರ್ನಿಯ ಪಾರದರ್ಶಕವಾಗಿರುವುದಾದರೂ ಏಕೆ? ಅದು ಮಾಡಲ್ಪಟ್ಟಿರುವುದು ನಮ್ಮ ಸ್ನಾಯುಗಳ ತುದಿಯ ಬಿಳಿಯ ನಾರಿನಲ್ಲಿ ಇರುವ ಕೊಲಾಜೆನ್ ಎಂಬ ಪದಾರ್ಥದಿಂದಲೇ. ಆ ನಾರು ಬೆಳ್ಳಗಿದೆ, ಇದು ಗಾಜಿನಂತಿದೆ. ಬ್ರಿಟಿಷ್ ವಿಜ್ಞಾನಿ ಮಾರಿಸ್ ೧೯೫೭ರಲ್ಲಿ ಇದಕ್ಕೆ ವಿವರಣೆ ಕೊಟ್ಟನು. ಕಾರ್ನಿಯದ ಎಳೆಗಳು ಅತಿ ಸೂಕ್ಷ್ಮವಾಗಿದ್ದು, ಒಂದೇ ದಪ್ಪದವಾಗಿ, ಒಂದೇ ಅಂತರದಲ್ಲಿ, ಮಗ್ಗದ ಹಾಸಿನಂತೆ ಕ್ರಮವಾಗಿ ಜೋಡಿಸಲ್ಪಟ್ಟಿವೆ. ಈ ಅಂತರವು ಬೆಳಕಿನ ತರಂಗದೂರಕ್ಕಿಂತ ಎಷ್ಟೋ ಕಡಮೆ. ಒಂದೊಂದು ಎಳೆಯೂ ಸ್ವಲ್ಪ ಬೆಳಕನ್ನು ಚದರಿಸುವುದು ನಿಜ. ಆದರೆ ಜೋಡಣೆಯ ಕ್ರಮದಿಂದಾಗಿ, ಪಕ್ಕಕ್ಕೆ ಚದರಿದ ಅಲೆಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಮುಂದಕ್ಕೆ ಹೋಗುವ ಬೆಳಕು ಮಾತ್ರ ಉಳಿಯುತ್ತದೆ.

ಈಗ ಹುಳುವಿನ ಉಜ್ಜಾಟದಿಂದಲೂ ಉರಿಯೂತದಿಂದಲೂ ಈ ಪಟಲ ಊದಿಕೊಂಡಿತೆನ್ನಿ, ಗಾಯವಾಗಿ ಕಲೆಗಟ್ಟಿತೆನ್ನಿ. ಎಳೆಗಳ ಕ್ರಮ ತಪ್ಪುತ್ತದೆ. ಅಲೆಗಳು ಒಂದನ್ನೊಂದು ಅಳಿಸಲಾರವು. ಬೆಳಕು ಎಲ್ಲ ಕಡೆಗೂ ಚದರುತ್ತದೆ. ಪಟಲ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಇಂತಹ ಕಲೆಯ ಪರಿಣಾಮವು ಕಿಟಕಿಯ ಗಾಜಿನ ಮೇಲೆ ಒಂದು ಮಚ್ಚೆ ಬಿದ್ದಂತೆ ಅಲ್ಲ. ಕಾರ್ನಿಯದ ಪ್ರತಿಯೊಂದು ಭಾಗದ ಮೂಲಕವೂ ಇಡಿಯ ದೃಶ್ಯದ ಬೆಳಕು ಒಳಗೆ ಹೋಗುವುದರಿಂದ, ಸಣ್ಣ ಕಲೆಯೂ ಇಡಿಯ ಚಿತ್ರದ ಮೇಲೆ ತೆಳುವಾದ ಬಿಳಿಯ ಮುಸುಕನ್ನು ಎಳೆಯುತ್ತದೆ. ಧೂಳು ಹಿಡಿದ ಬಸ್ಸಿನ ಮುಂಗಾಜಿಗೆ ಎದುರು ವಾಹನದ ದೀಪ ಬಿದ್ದರೆ ಚಾಲಕನಿಗೆ ರಸ್ತೆಯೇ ಕಾಣದಂತಾಗುವುದಲ್ಲವೆ? ಹಾಗೆ.

ಲೆಕ್ಕಕ್ಕಾಗಿ, ಬೆದರಿ ಹಾರಿದ ಹಕ್ಕಿಯ ವೇಗ ಸೆಕೆಂಡಿಗೆ ೧೫ ಮೀಟರ್ ಎಂದಿಟ್ಟುಕೊಳ್ಳೋಣ. ಮುಂದಿನ ತಂತಿಬೇಲಿ ೧೫ ಮೀಟರ್ ದೂರದಲ್ಲಿಯೇ ಕಂಡರೆ ತಪ್ಪಿಸಿಕೊಳ್ಳಲು ಒಂದು ಸೆಕೆಂಡು ಸಿಕ್ಕುತ್ತದೆ. ಮುಸುಕಿನಿಂದಾಗಿ ೫ ಮೀಟರಿನವರೆಗೆ ಕಾಣದಿದ್ದರೆ ಸಿಕ್ಕುವುದು ಸೆಕೆಂಡಿನ ಮೂರರಲ್ಲೊಂದು ಪಾಲು. ಬದುಕಿಗೂ ಸಾವಿಗೂ ನಡುವೆ ಇರುವ ಅಂತರ ಇಷ್ಟೇ.

೨೦೧೦ರ ಒಗಟು

ಬಾಬ್‌ವೈಟ್ ಹಕ್ಕಿಯ ಸಂಖ್ಯೆ ಅಮೆರಿಕದಲ್ಲಿ ಬಹುಕಾಲದಿಂದ ಇಳಿಯುತ್ತಲೇ ಬಂದಿದೆ. ೧೯೬೬ರಿಂದ ಅಲ್ಲಿ ಕ್ರಮವಾಗಿ ನಡೆಯುತ್ತಿರುವ ಹಕ್ಕಿಗಣತಿಯ ಪ್ರಕಾರ, ಅಂದಿದ್ದುದರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಇಲ್ಲವಾಗಿದೆ. ಹುಲ್ಲುಗಾವಲುಗಳು ಹೊಲಗಳಾದುದು, ಕುರುಚಲು ಬೇಲಿಗಳು ಮಾಯವಾದುದು ಇದರ ಮುಖ್ಯ ಕಾರಣ. ಆದರೆ ಟೆಕ್ಸಾಸಿನ ವಾಯವ್ಯದಲ್ಲಿರುವ ‘ರೋಲಿಂಗ್ ಪ್ಲೇನ್ಸ್’ ಎಂಬ ಏರುತಗ್ಗಿನ ಬಯಲುಸೀಮೆಯಲ್ಲಿ ಹಕ್ಕಿಗೆ ಬೇಕಾದ ನೆಲ ಇನ್ನೂ ವಿಶಾಲವಾಗಿ ಉಳಿದಿತ್ತು. ಅಲ್ಲಿ ಮಳೆ ಬಂದ ವರ್ಷ ಹಕ್ಕಿ ಹೆಚ್ಚುವುದು, ಬರ ಬಂದ ವರ್ಷ ಕುಗ್ಗುವುದು ವಾಡಿಕೆ.

೨೦೧೦ರಲ್ಲಿ ಈ ವಾಡಿಕೆ ತಪ್ಪಿತು. ಮಳೆ ಅನುಕೂಲವಾಗಿತ್ತು, ಹುಲ್ಲು ಬೆಳೆದಿತ್ತು. ಬೇಟೆಗಾರರೂ ವಿಜ್ಞಾನಿಗಳೂ ಹಕ್ಕಿಗಳ ಸುಗ್ಗಿಯನ್ನು ನಿರೀಕ್ಷಿಸಿದ್ದರು. ಆದರೆ ಬೇಟೆಯ ಕಾಲ ಬಂದಾಗ ಹಕ್ಕಿಗಳೇ ಕಾಣಲಿಲ್ಲ. ಅವು ಏನಾದವು? ರೋಬಿ ಎಂಬ ಊರಿನ ಬಳಿಯಿರುವ ಲಾವಕ್ಕಿಯ ಸಂಶೋಧನ ಸಂಸ್ಥೆಯೊಂದು ೨೦೧೧ರಲ್ಲಿ ಟೆಕ್ಸಾಸಿನ ವಿಶ್ವವಿದ್ಯಾನಿಲಯಗಳ ನೆರವಿನಿಂದ ದೊಡ್ಡ ತನಿಖೆಯನ್ನು ಆರಂಭಿಸಿತು. ಅದಕ್ಕೆ ಇಟ್ಟ ಹೆಸರಿನ ಅರ್ಥವೇ ‘ಕಾರಣ ತಿಳಿಯದ ಇಳಿತದ ಶೋಧನೆ’ ಎಂದು. ಟೆಕ್ಸಾಸ್ ಮತ್ತು ಪಶ್ಚಿಮ ಒಕ್ಲಹೋಮದ ಅನೇಕ ಜಾನುವಾರು ಕ್ಷೇತ್ರಗಳಲ್ಲಿ ಹಕ್ಕಿಗಳನ್ನು ಹಿಡಿದು ಪರೀಕ್ಷಿಸಿದರು. ಸೋಂಕು ರೋಗಗಳು, ಕೀಟನಾಶಕ ವಿಷಗಳು, ಪರೋಪಜೀವಿಗಳು, ಹೀಗೆ ಸಂಶಯಕ್ಕೆ ಆಸ್ಪದವಿದ್ದುದನ್ನೆಲ್ಲ ಹುಡುಕಿದರು. ಹೆಚ್ಚಾಗಿ ಕಣ್ಣಿಗೆ ಬಿದ್ದವು ಎರಡು: ಕರುಳಿನ ಅಂಧನಾಳದಲ್ಲಿ ಬಾಳುವ ಒಂದು ಹುಳು, ಮತ್ತು ಕಣ್ಣಿನ ಹುಳು. ಕೆಲವು ಕಡೆಗಳಲ್ಲಿ ಪರೀಕ್ಷಿಸಿದ ಹಕ್ಕಿಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಕಣ್ಣಿನ ಹುಳುವನ್ನು ಹೊತ್ತಿದ್ದವು. ಹುಳುವಿದ್ದ ಕಣ್ಣುಗಳಲ್ಲಿ ಉರಿಯೂತ, ಗ್ರಂಥಿಗಳ ಹಾನಿ, ಕಾರ್ನಿಯದ ಮೇಲೆ ಕಲೆ ಇವುಗಳನ್ನು ಸೂಕ್ಷ್ಮದರ್ಶಕದಿಂದ ಗುರುತಿಸಿದ ವರದಿ ೨೦೧೫ರಲ್ಲಿ ಹೊರಬಂದಿತು.

ಹುಳುವೇ ಅಪರಾಧಿಯೆ?

ಇಲ್ಲಿಗೆ ಕಥೆ ಮುಗಿಯಿತು, ಕಳ್ಳ ಸಿಕ್ಕಿದ ಎಂದು ಹೇಳಬಹುದೆ? ವಿಜ್ಞಾನದ ನ್ಯಾಯಾಲಯವು ಅಷ್ಟು ಬೇಗ ತೀರ್ಪು ಕೊಡುವುದಿಲ್ಲ. ಕಳ್ಳತನವಾದ ಮನೆಯ ಬಳಿ ಒಬ್ಬನು ಕಾಣಿಸಿಕೊಂಡ ಮಾತ್ರಕ್ಕೆ ಅವನೇ ಕದ್ದನೆಂದಾಗುವುದಿಲ್ಲ.

ಹುಳುವಿನ ವಿರುದ್ಧದ ಸಾಕ್ಷ್ಯವನ್ನು ಮೊದಲು ನೋಡೋಣ. ಕಣ್ಣಿಗೆ ಹಾನಿಯಾಗುವುದು ಕಂಡಿದೆ. ಹುಳು ತುಂಬಿದ ಹಕ್ಕಿಗಳು ಅಡ್ಡಾದಿಡ್ಡಿಯಾಗಿ ಹಾರಿ ಕಟ್ಟಡಗಳಿಗೆ ಡಿಕ್ಕಿಹೊಡೆದುದನ್ನು ಇದೇ ಬಯಲುಸೀಮೆಯಲ್ಲಿ ಕೆಲಸಮಾಡಿದ ಜ್ಯಾಕ್ಸನ್ ಎಂಬ ವಿಜ್ಞಾನಿ ೧೯೬೯ರಲ್ಲಿಯೇ ಬರೆದಿದ್ದನು.

ಆದರೆ ಇದೇ ಸಾಕ್ಷ್ಯ ಹುಳುವಿನ ಪರವಾಗಿಯೂ ನಿಲ್ಲುತ್ತದೆ. ೧೯೬೦ರ ದಶಕದಲ್ಲಿಯೂ ಹುಳುವಿತ್ತು. ಆಗ ಹಕ್ಕಿಗಳೂ ಇದ್ದವಲ್ಲ! ಅಂದಮೇಲೆ ೨೦೧೦ರ ಇಳಿತಕ್ಕೆ ಹುಳುವೊಂದನ್ನೇ ಹೊಣೆಮಾಡುವುದು ಹೇಗೆ? ಕ್ಯಾನ್ಸಸ್ ಪ್ರಾಂತದಲ್ಲಿ ಇದೇ ಹುಳುವನ್ನು ಹೊತ್ತಿದ್ದ, ಹುಲ್ಲುಗಾವಲಿನ ಬೇರೊಂದು ದೊಡ್ಡ ಹಕ್ಕಿಯನ್ನು ಪರೀಕ್ಷಿಸಿದವರು, ಸೋಂಕಿರುವ ಹಕ್ಕಿಗೂ ಇಲ್ಲದ ಹಕ್ಕಿಗೂ ಮೈತೂಕದಲ್ಲಿಯಾಗಲಿ ಓಡಾಟದಲ್ಲಿಯಾಗಲಿ ವ್ಯತ್ಯಾಸ ಕಾಣಲಿಲ್ಲವೆಂದು ೨೦೦೩ರಲ್ಲಿ ಪ್ರಕಟಿಸಿದರು. ಮೇಲಾಗಿ ಬಾಬ್‌ವೈಟ್ ಅಲ್ಪಾಯುಷಿ. ಹುಳುವಿರಲಿ ಇಲ್ಲದಿರಲಿ, ಹತ್ತರಲ್ಲಿ ಏಳೆಂಟು ಹಕ್ಕಿಗಳು ಒಂದು ವರ್ಷದೊಳಗೆ ಗಿಡುಗಕ್ಕೋ ನರಿಗೋ ಚಳಿಗೋ ಬಲಿಯಾಗುತ್ತವೆ.

ಇದಲ್ಲದೆ ಎಣಿಕೆಯಲ್ಲಿಯೇ ಒಂದು ತೊಡಕುಂಟು. ಪರೀಕ್ಷೆಗೆ ದೊರೆಯುವ ಹಕ್ಕಿಗಳಲ್ಲಿ ಹಲವು ಬೇಟೆಗಾರರು ಹೊಡೆದು ತಂದವು. ಹುಳುವಿನಿಂದ ಕಣ್ಣು ಮಂಜಾದ ಹಕ್ಕಿ ಗುಂಡಿಗೆ ಸುಲಭವಾಗಿ ಸಿಕ್ಕುವುದಾದರೆ, ಬೇಟೆಗಾರನ ಚೀಲದಲ್ಲಿ ಸೋಂಕು ಬಯಲಿನಲ್ಲಿರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕಣ್ಣು ಮಂಜಾದ ಹಕ್ಕಿಯನ್ನು ಬೇಟೆಯ ಕಾಲಕ್ಕೆ ಮೊದಲೇ ಗಿಡುಗ ಒಯ್ದಿದ್ದರೆ, ಸೋಂಕು ಇರುವುದಕ್ಕಿಂತ ಕಡಮೆಯಾಗಿ ಕಾಣುತ್ತದೆ. ತಕ್ಕಡಿಯು ಯಾವ ಕಡೆಗೆ ವಾಲಿದೆಯೆಂದು ತಿಳಿಯದೆ ತೂಕವನ್ನು ನಂಬಲಾದೀತೆ? ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಮಾದರಿಯನ್ನು ಆಯ್ದ ರೀತಿಯೇ ಫಲಿತಾಂಶವನ್ನು ತಿರುಚಬಲ್ಲದು.

ಫಿಂಚ್ ಹಕ್ಕಿಯ ಪಾಠ

ಕಣ್ಣಿನ ರೋಗವೊಂದು ಕಾಡುಹಕ್ಕಿಗಳ ಸಂಖ್ಯೆಯನ್ನು ನಿಜವಾಗಿಯೂ ತಗ್ಗಿಸಬಲ್ಲದೆ? ತಗ್ಗಿಸಬಲ್ಲದೆಂಬುದಕ್ಕೆ ಅಮೆರಿಕದ್ದೇ ಇನ್ನೊಂದು ನಿದರ್ಶನವಿದೆ. ಅಲ್ಲಿನ ಪಶ್ಚಿಮ ಭಾಗದ, ಗುಬ್ಬಿಯಷ್ಟು ದೊಡ್ಡದಾದ ‘ಹೌಸ್ ಫಿಂಚ್’ ಎಂಬ ಹಕ್ಕಿಯನ್ನು ಪಂಜರದ ವ್ಯಾಪಾರಿಗಳು ೧೯೪೦ರಲ್ಲಿ ನ್ಯೂಯಾರ್ಕಿನ ಬಳಿ ಬಿಡುಗಡೆ ಮಾಡಿದರು. ಅದು ಪೂರ್ವದಲ್ಲೆಲ್ಲ ಹರಡಿತು. ೧೯೯೪ರ ಚಳಿಗಾಲದಲ್ಲಿ ವಾಷಿಂಗ್ಟನ್ ನಗರದ ಸುತ್ತಮುತ್ತ ಕಣ್ಣು ಊದಿ ಮುಚ್ಚಿಹೋದ ಫಿಂಚುಗಳು ಕಾಣಿಸಿಕೊಂಡವು. ಕಾರಣ ಹುಳುವಲ್ಲ, ಕೋಳಿಗಳಲ್ಲಿ ಮೊದಲೇ ಪರಿಚಿತವಾಗಿದ್ದ ಮೈಕೊಪ್ಲಾಸ್ಮ ಎಂಬ ಬ್ಯಾಕ್ಟೀರಿಯ. ಕೆಲವೇ ವರ್ಷಗಳಲ್ಲಿ ಪೂರ್ವದ ಅನೇಕ ಕಡೆ ಫಿಂಚುಗಳ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು.

ಇಲ್ಲಿ ಗಮನಿಸಬೇಕಾದುದು ಎರಡು ಅಂಶ. ಪಂಜರದಲ್ಲಿಟ್ಟು ಕಾಳು ನೀರು ಕೊಟ್ಟರೆ ಸೋಂಕಿದ ಫಿಂಚುಗಳಲ್ಲಿ ಬಹಳಷ್ಟು ಗುಣಹೊಂದುತ್ತವೆ. ಎಂದರೆ ಬಯಲಿನಲ್ಲಿ ಅವುಗಳನ್ನು ಕೊಲ್ಲುವುದು ರೋಗಾಣುವಿಗಿಂತ ಹೆಚ್ಚಾಗಿ ಕುರುಡುತನ. ಆಹಾರ ಕಾಣದೆ ಹಸಿವಿನಿಂದಲೋ ಶತ್ರು ಕಾಣದೆ ಬೆಕ್ಕಿನ ಬಾಯಿ ಸೇರಿಯೋ ಅವು ಸಾಯುತ್ತವೆ. ಎರಡನೆಯದು: ಅಲ್ಲಿನ ಜನ ಪ್ರೀತಿಯಿಂದ ಮನೆಯ ಮುಂದೆ ತೂಗುಹಾಕಿದ ಕಾಳಿನ ಪೆಟ್ಟಿಗೆಗಳೇ ರೋಗ ಹರಡಲು ನೆರವಾದವು. ಒಂದು ಹಕ್ಕಿ ಕಣ್ಣೊತ್ತಿದ ಕಂಡಿಗೆ ಇನ್ನೊಂದು ಹಕ್ಕಿ ತಲೆಯೊಡ್ಡುತ್ತಿತ್ತು. ಉಪಕಾರವೆಂದು ಮಾಡಿದುದೇ ಅಪಕಾರವಾಯಿತು.

ಕಾಡುಹಕ್ಕಿಗೆ ಮದ್ದು

ಟೆಕ್ಸಾಸಿನಲ್ಲಿ ಈಗಿರುವ ಮುಖ್ಯ ಪ್ರಶ್ನೆಯೂ ಇದಕ್ಕೆ ಸಂಬಂಧಿಸಿದ್ದೇ. ದನಕುರಿಗಳ ಹೊಟ್ಟೆಯ ಹುಳುಗಳಿಗೆ ಬಳಸುವ ಫೆನ್‌ಬೆಂಡಜೋಲ್ ಎಂಬ ಔಷಧಿಯನ್ನು ಕಾಳಿನಲ್ಲಿ ಬೆರೆಸಿ, ಬಯಲಿನ ಪೆಟ್ಟಿಗೆಗಳ ಮೂಲಕ ಕಾಡಿನ ಬಾಬ್‌ವೈಟ್ ಹಕ್ಕಿಗೆ ತಿನ್ನಿಸುವ ವಿಧಾನವನ್ನು ಟೆಕ್ಸಾಸ್ ಟೆಕ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ರೂಪಿಸಿದ್ದಾರೆ. ಹುಳುವೇ ಹಕ್ಕಿಯನ್ನು ಕೆಡಿಸುತ್ತಿದ್ದರೆ, ಮದ್ದು ತಿಂದ ಬಯಲಿನಲ್ಲಿ ಹಕ್ಕಿ ಹೆಚ್ಚಬೇಕು. ಮದ್ದಿಲ್ಲದ ಪಕ್ಕದ ಬಯಲಿನಲ್ಲಿ ಹೆಚ್ಚಬಾರದು. ಮಳೆ, ಹುಲ್ಲು, ಗಿಡುಗ ಎರಡು ಕಡೆಯೂ ಒಂದೇ ಆಗಿರಬೇಕು. ಅಪರಾಧವನ್ನು ನಿರ್ಣಯಿಸಲು ಇದಕ್ಕಿಂತ ನೇರವಾದ ಪರೀಕ್ಷೆ ಬೇರೊಂದಿಲ್ಲ.

ಆದರೆ ಆಕ್ಷೇಪಣೆಗಳೂ ಲಘುವಾದವಲ್ಲ. ಪೆಟ್ಟಿಗೆಯ ಸುತ್ತ ಹಕ್ಕಿಗಳು ಗುಂಪುಗೂಡಿದರೆ ಅಲ್ಲಿನ ನೆಲದಲ್ಲಿ ಹಿಕ್ಕೆಯೂ ಹುಳುವಿನ ಮೊಟ್ಟೆಯೂ ಹೆಚ್ಚುತ್ತವೆ. ಫಿಂಚಿನ ಪಾಠ ನಮ್ಮ ಮುಂದಿದೆ. ಇಂತಹ ಔಷಧಿಗಳನ್ನು ಮತ್ತೆಮತ್ತೆ ಕೊಟ್ಟು ಕುರಿಗಳ ಹುಳುಗಳು ಅವಕ್ಕೆ ಬಗ್ಗದಂತಾಗಿರುವುದು ಹಲವು ದೇಶಗಳ ಅನುಭವ. ಎಲ್ಲಕ್ಕಿಂತ ಮಿಗಿಲಾಗಿ, ಮೊಕಿಂಗ್‌ಬರ್ಡ್ ಮುಂತಾದ ಹಾಡುಹಕ್ಕಿಗಳೂ ಈ ಹುಳುವನ್ನು ಹೊತ್ತಿರುವುದು ೨೦೧೪ರಲ್ಲಿ ತಿಳಿದುಬಂದಿದೆ. ಒಂದು ಹಕ್ಕಿಯ ಕಣ್ಣನ್ನು ತೊಳೆದರೂ ಮಿಡತೆಗೆ ಮೊಟ್ಟೆಯನ್ನು ಉಣಿಸಲು ಬೇರೆ ಹಕ್ಕಿಗಳು ಇದ್ದೇ ಇವೆ. ಹುಳುವನ್ನು ಆ ಸೀಮೆಯಿಂದ ಅಳಿಸಿಹಾಕುವುದು ಸಾಧ್ಯವಿಲ್ಲದ ಮಾತು; ಅದರ ಹೊರೆಯನ್ನು ತಗ್ಗಿಸಬಹುದು, ಅಷ್ಟೆ.

ನಮ್ಮ ಅಭಿಪ್ರಾಯವನ್ನು ಕೇಳುವುದಾದರೆ, ಹುಳುವನ್ನು ಒಬ್ಬಂಟಿ ಅಪರಾಧಿಯೆಂದೂ ಕರೆಯಲಾಗದು, ನಿರಪರಾಧಿಯೆಂದೂ ಬಿಡಲಾಗದು. ವಿಶಾಲವಾದ ಹುಲ್ಲುಗಾವಲೂ ಅನುಕೂಲವಾದ ಮಳೆಯೂ ಇದ್ದಾಗ ಹಕ್ಕಿಯು ಹುಳುವಿನ ಹೊರೆಯನ್ನು ಹೊತ್ತೇ ಬಾಳಬಲ್ಲದು. ನೆಲ ತುಂಡುತುಂಡಾಗಿ, ಬೇಲಿ ಹೆಚ್ಚಾಗಿ, ೨೦೧೧ರಲ್ಲಿ ಟೆಕ್ಸಾಸಿಗೆ ಬಂದಂತಹ ಘೋರವಾದ ಬರ ಎರಗಿದಾಗ, ನಿನ್ನೆಯವರೆಗೆ ತಾಳಿಕೊಂಡ ಅದೇ ಹೊರೆ ಪ್ರಾಣಾಂತಿಕವಾಗಬಹುದು. ತುಂಬಿದ ಬಂಡಿಯನ್ನು ಸಮನಾದ ದಾರಿಯಲ್ಲಿ ಎತ್ತುಗಳು ಎಳೆಯುತ್ತವೆ. ದಿಣ್ಣೆಯಲ್ಲಿ ಅದೇ ಬಂಡಿ ಹಿಂದಕ್ಕೆ ಜಾರುತ್ತದೆ. ತಪ್ಪು ಹೊರೆಯದೋ ದಿಣ್ಣೆಯದೋ ಎಂದು ಕೇಳಿದರೆ ಎರಡರದೂ ಎನ್ನಬೇಕಾಗುತ್ತದೆ.

ನಮ್ಮ ವಿದ್ಯಾರ್ಥಿಗಳು ಈ ವಿಷಯದಲ್ಲಿ ಮಾಡಬಹುದಾದುದೂ ಉಂಟು. ಊರಿನ ಕೋಳಿಗಳ ಕಣ್ಣು ಎಡೆಬಿಡದೆ ನೀರಾಡುತ್ತಿದ್ದರೆ, ಮೂರನೆಯ ರೆಪ್ಪೆ ಊದಿಕೊಂಡು ಕಣ್ಣಿನ ಮೂಲೆಯಿಂದ ಹೊರಚಾಚಿದ್ದರೆ, ಪಶುವೈದ್ಯರಿಗೆ ತಿಳಿಸಬೇಕು. ಕೋಳಿಗೂಡಿನ ಕಸವನ್ನು ತೆಗೆದು ಜಿರಲೆಗಳಿಗೆ ಎಡೆಯಿಲ್ಲದಂತೆ ಮಾಡಿದರೆ ಹುಳುವಿನ ಚಕ್ರ ಅಲ್ಲಿಗೇ ಮುರಿಯುತ್ತದೆ. ಹಕ್ಕಿಗಳಿಗೆ ಕಾಳು ನೀರು ಇಡುವ ಮನೆಗಳಲ್ಲಿ ಆ ಪಾತ್ರೆಗಳನ್ನು ಆಗಾಗ ತೊಳೆದು ಒಣಗಿಸಿ ಇಡಬೇಕು. ಬಯಲಿನಲ್ಲಿ ಕಣ್ಣು ಮುಚ್ಚಿ ಮಂಕಾಗಿ ಕುಳಿತ ಹಕ್ಕಿಯನ್ನು ಕಂಡರೆ ಕೈಯಿಂದ ಮುಟ್ಟದೆ, ಸ್ಥಳ, ದಿನ, ಯಾವ ಕಣ್ಣು ಕೆಟ್ಟಿದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಮೆರಿಕದ ಫಿಂಚುಗಳ ರೋಗ ಎಲ್ಲಿಂದ ಎಲ್ಲಿಗೆ ಹರಡಿತೆಂಬುದು ತಿಳಿದದ್ದು ಬಹುಮಟ್ಟಿಗೆ ಮನೆಯ ಕಿಟಕಿಯಿಂದ ನೋಡಿ ಬರೆದು ಕಳುಹಿಸಿದ ಸಾಮಾನ್ಯ ಜನರ ಟಿಪ್ಪಣಿಗಳಿಂದ.